ಮೂರನೆಯ ಮುಖ

ನಾಲ್ಕು ಸಾವಿರದ ಎಂಟುನೂರ ಹನ್ನೆರಡು ಚಿತ್ರಗಳಲ್ಲಿ ಒಂದರಲ್ಲಿಯೂ ದೌಲಪ್ಪನವರ ಮುಖ ಸ್ಪಷ್ಟವಾಗಿಲ್ಲವೆಂಬುದು ದಿಲೀಪನಿಗೆ ಹುಡುಕುವ ಮೊದಲೇ ಗೊತ್ತಿತ್ತು. ಆದರೂ ಹುಡುಕುತ್ತಿದ್ದ. ಸೇಡಂ ರಸ್ತೆಯ ತನ್ನ ಸ್ಟುಡಿಯೋದ ಶಟರನ್ನು ಅರ್ಧಕ್ಕೆ ಎತ್ತಿ, ಒಳಗೆ ಕಂಪ್ಯೂಟರಿನ ಮುಂದೆ ಕೂತು, ಒಂದೇ ಗುಂಡಿಯನ್ನು ಒಂದೇ ಸಮನೆ ಒತ್ತುತ್ತಿದ್ದ. ತೆರೆಯ ಮೇಲೆ ನಾಲ್ಕು ತಿಂಗಳ ಹಿಂದಿನ ಲಗ್ನ ಸರಸರನೆ ಸರಿಯುತ್ತಿತ್ತು. ಮದುಮಗಳು ಅಂಜನಾ, ಅವಳ ರೆಪ್ಪೆಯ ಒಂದೊಂದು ಕೂದಲನ್ನೂ ಎಣಿಸಬಹುದು. ಅವಳ ಹಿಂದೆ ಹಳದಿ ರುಮಾಲು ಸುತ್ತಿಕೊಂಡ ಒಂದು ಮಸುಕು. ಆ ಮಸುಕು ಅವಳ ತಂದೆ. ಬೆಳಗ್ಗೆ ಎಂಟಕ್ಕೆ ಕಮಲಾಪುರದಿಂದ ಅವರ ಮಗ ವಿವೇಕಾನಂದ ಫೋನು ಮಾಡಿದ್ದ. "ಅಪ್ಪ ನಸುಕಿನ್ಯಾಗ ಹೋದ್ರು ರೀ. ನೀರು ಕೇಳಿ ಕುಡದ್ರು, ಮಲಗಿದ್ರು, ಏಳಲೇ ಇಲ್ಲ. ನಾಲ್ಕಕ್ಕ ಮಣ್ಣು. ಮನಿ ಮಂದಿ ಜೋಡಿ ಫೋಟೋ ಆಗಬೇಕು, ನೀವೇ ಬರ್ರಿ." ಆಮೇಲೆ ಏನೋ ನೆನಪಾದವನಂತೆ, "ಮತ್ತ, ಅಂಜನಾನ ಲಗ್ನದಾಗಿಂದು ಅಪ್ಪಂದು ಒಂದು ದೊಡ್ಡದು ಮಾಡ್ಕೊಂಡು ಬರ್ರಿ, ಪೂಜಿಗಿ ಇಡ್ಲಿಕ್ಕ. ಮೊಬೈಲಿನ್ಯಾಗಿನವು ದೊಡ್ಡವು ಮಾಡಿದ್ರ ಒಡೀತಾವ. ಆಧಾರ್ ಕಾರ್ಡಿನ್ಯಾಗ ಅಪ್ಪ ಅಪ್ಪನಂಗೇ ಇಲ್ಲ," ಎಂದಿದ್ದ. "ಆಯ್ತು ರೀ, ತರ್ತೀನಿ," ಎಂದಿದ್ದ ದಿಲೀಪ. ಇಲ್ಲ ಎನ್ನುವುದಕ್ಕೆ ಕಾರಣ ಹೇಳಬೇಕಾಗುತ್ತಿತ್ತು, ಆಯ್ತು ಎನ್ನುವುದಕ್ಕೆ ಏನೂ ಬೇಕಾಗಿರಲಿಲ್ಲ.

ಸಾವಿನ ಸುದ್ದಿ ಕೇಳಿದಾಗ ಏನಾದರೂ ಅನಿಸಬೇಕು. ಹಲ್ಲು ಕೀಳುವ ಮೊದಲು ಸೂಜಿ ಚುಚ್ಚಿಸಿಕೊಂಡ ದವಡೆಯ ಹಾಗೆ ಅವನ ಎದೆ ಇತ್ತು, ಅಷ್ಟೆ. ಇಂಥ ಫೋಟೋಗಳನ್ನು ಅವನು ಎಷ್ಟೋ ತೆಗೆದಿದ್ದಾನೆ. ಲಿಂಗ ಕಟ್ಟಿಕೊಳ್ಳುವವರ ಮನೆಗಳಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಮಡಿ ಉಡಿಸಿ, ಪದ್ಮಾಸನ ಹಾಕಿಸಿ ಗೋಡೆಗೆ ಒರಗಿಸಿ ಕೂಡಿಸುತ್ತಾರೆ. ಮಣ್ಣಿಗೂ ಕೂತೇ ಹೋಗುತ್ತಾರೆ. ಮನೆಯವರು ಎರಡೂ ಕಡೆ ಕೂತು ಕೊನೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ಲಗ್ನಗಳಿಗೆ ಅವನ ಜೊತೆ ವಿಡಿಯೋ ಮಾಡಲು ಬರುವ ಅಮರನಾಥ, "ಆ ಫೋಟೋನೇ ಚಲೋ ನೋಡು, ನಡುವ ಕೂತವರು ಅಲಗಾಡಂಗಿಲ್ಲ," ಎಂದು ನಗಾಡುತ್ತಿದ್ದ. ದಿಲೀಪನೂ ನಕ್ಕಿದ್ದ. ಈಗ ಚಿತ್ರ ಮೂರು ಸಾವಿರದ ಇನ್ನೂರರಲ್ಲಿ ದೌಲಪ್ಪನವರು ಅಕ್ಕಿಕಾಳು ಹಾಕಲು ಕೈ ಎತ್ತಿದ್ದರು. ಕೈ ಸ್ಪಷ್ಟವಾಗಿತ್ತು, ಉಗುರಿಗೆ ಹತ್ತಿದ ಅರಿಷಿಣವೂ ಕಾಣುತ್ತಿತ್ತು. ಮುಖ ಮಾತ್ರ ಇರಲಿಲ್ಲ.

ಮಸುಕಾದ ಮುಖವನ್ನು ಚೊಕ್ಕ ಮಾಡುವ ಒಂದು ಸಾಫ್ಟ್‌ವೇರ್ ಇತ್ತು. ಇದ್ದುದರಲ್ಲಿ ಒಂದನ್ನು ಆರಿಸಿ ಅದಕ್ಕೆ ಹಾಕಿದ. ಅದು ಯೋಚನೆ ಮಾಡಿದಂತೆ ಸ್ವಲ್ಪ ಹೊತ್ತು ತಿರುಗಿ, ರುಮಾಲಿನ ಕೆಳಗೆ ಒಂದು ಮುಖವನ್ನು ಕೂಡಿಸಿ ಕೊಟ್ಟಿತು. ಹುಬ್ಬು ತಿದ್ದಿದ ಹಾಗೆ, ಕಣ್ಣು ಹೊಳೆಯುವ ಹಾಗೆ, ಹಲ್ಲು ಒಂದರ ಪಕ್ಕ ಒಂದು ಸಾಲಾಗಿ. ಕೌಂಟರಿನಲ್ಲಿ ಪಕ್ಕದ ಆಸ್ಪತ್ರೆಯ ನರ್ಸೊಬ್ಬಳ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದ ಹೆಂಡತಿ ಸಪ್ನಾ ಹಿಂದಿನಿಂದ ಬಗ್ಗಿ ನೋಡಿದಳು. "ಕಣ್ಣು ಚಲೋ ಬಂದಾವ," ಎಂದಳು. ಅವಳು ದೌಲಪ್ಪನವರನ್ನು ಯಾವತ್ತೂ ನೋಡಿರಲಿಲ್ಲ. "ಮೊದಲಿಂದು ಯಾಕ ಹಿಂಗ ಬಂದಾವ? ಅಷ್ಟ್ ರೊಕ್ಕದ ಕ್ಯಾಮೆರಾ." ಕ್ಯಾಮೆರಾ ಹುಡುಗಿಯ ಕಣ್ಣನ್ನೇ ಹಿಡಿಯಿತು, ತಾನೇನು ಮಾಡಲಿ ಎಂದ ದಿಲೀಪ. ಸಪ್ನಾ ಕತ್ತರಿ ಆಡಿಸುತ್ತಲೇ, "ಕುಣೀಲಿಕ್ಕ ಬರಲಾರದಾಕಿ ನೆಲ ಡೊಂಕು ಅಂದಳಂತ," ಎಂದಳು. ತಮಾಷೆಗೇ ಅಂದದ್ದು. ಅವನು ಕುಂಬಳಕಾಯಿ ಕಳ್ಳನಂತೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿದ್ದ, ತಡೆದು, ಪ್ರಿಂಟ್ ಕೊಟ್ಟ. ಪ್ರಿಂಟರಿನಿಂದ ದೌಲಪ್ಪನವರಲ್ಲದ ಒಬ್ಬರು ನಿಧಾನಕ್ಕೆ, ರುಮಾಲಿನಿಂದ ಗದ್ದದ ಕಡೆಗೆ, ಹೊರಗೆ ಬಂದರು. ಅವರನ್ನು ಕಾಗದದ ಕವರಿನಲ್ಲಿ ಹಾಕಿಕೊಂಡು ಬೈಕು ಹತ್ತಿದ.

ಕೋಟೆಯ ಕಂದಕ ದಾಟುವಾಗ, ಲಗ್ನಕ್ಕೆ ಮುಂಚಿನ ಫೋಟೋ ತೆಗೆಸಲು ಬಂದ ಜೋಡಿಯೊಂದು ಗೋಡೆಯ ನೆರಳಿನಲ್ಲಿ ಬಟ್ಟೆ ಸರಿ ಮಾಡಿಕೊಳ್ಳುತ್ತಿತ್ತು. ಬೇರೆ ಯಾರೋ ಫೋಟೋಗ್ರಾಫರ್, ಅದೇ ಬಗೆಯ ಕ್ಯಾಮೆರಾ. ಹಳೆಯ ಕ್ಯಾಮೆರಾದಲ್ಲಿ ಎಲ್ಲಿ ನೋಡಬೇಕೆಂದು ದಿಲೀಪನೇ ಹೇಳಬೇಕಿತ್ತು. ಒಂದು ಕೆಂಪು ಚುಕ್ಕೆ. ಅದನ್ನು ಹೆಬ್ಬೆರಳಿನಿಂದ ದೂಡಿ ದೂಡಿ ಒಬ್ಬರ ಕಣ್ಣಿನ ಮೇಲೆ ಇಟ್ಟು ಒತ್ತಬೇಕು. ಕೈ ತಪ್ಪಿದರೆ ಮೂಗುತಿ ಚೆಂದ ಬಂದು ಕಣ್ಣು ಹಾಳಾಗುತ್ತಿತ್ತು, ಬೈಸಿಕೊಳ್ಳುತ್ತಿದ್ದ. ಹೊಸ ಮಿರರ್‌ಲೆಸ್ ಕ್ಯಾಮೆರಾ ಬಂದ ಮೇಲೆ ಆ ಕಾಟ ತಪ್ಪಿತು. ಇದರಲ್ಲಿ ಒಂಟಿ ಚುಕ್ಕೆಯ ಮೋಡ್ ಇದೆ, ಓಡುವವರ ಬೆನ್ನು ಹತ್ತುವ ಮೋಡ್ ಇದೆ, ಎಲ್ಲಕ್ಕಿಂತ ಮೇಲೆ ಕಣ್ಣಿನ ಮೋಡ್ ಇದೆ: ಮುಖ ಕಂಡರೆ ಸಾಕು, ತಾನೇ ಹೋಗಿ ಕಣ್ಣಿಗೆ ಹಸಿರು ಚೌಕ ಕಟ್ಟುತ್ತದೆ. ಗುಂಪಿನಲ್ಲಿ ಯಾರ ಕಣ್ಣು ಮೊದಲು ಎಂದು ಗೊಂದಲವಾಗಬಾರದಲ್ಲ, ಅದಕ್ಕೆ ಬೇಕಾದವರ ಮುಖಗಳನ್ನು ಬೆಳಗ್ಗೆಯೇ ಒಂದೊಂದಾಗಿ ತೋರಿಸಿ, ನಂಬರು ಕೊಟ್ಟು ಗುರುತು ಮಾಡಿಸಿ ಇಟ್ಟರೆ, ದಿನವೆಲ್ಲ ಅದು ಅವರನ್ನೇ ಹುಡುಕಿ ಹಿಡಿಯುತ್ತದೆ. ಅಂಜನಾಳ ಲಗ್ನದ ದಿನ ಕಮಲಾಪುರದ ಮಂಗಲ ಕಾರ್ಯಾಲಯದಲ್ಲಿ ಏಳು ಗಂಟೆಗೆ ದಿಲೀಪ ನಾಲ್ಕು ಮುಖ ಗುರುತು ಮಾಡಿಸಿದ್ದ. ಮದುಮಗಳು ಒಂದು, ಮದುಮಗ ಎರಡು, ಮದುಮಗಳ ತಂದೆ ಮೂರು, ತಾಯಿ ನಾಲ್ಕು. ಮೂರನೆಯ ಮುಖ ಕ್ಯಾಮೆರಾದ ಮುಂದೆ ನಿಲ್ಲಲು ನಾಚಿತ್ತು. "ನಂದ್ಯಾಕ ಬಿಡ್ರಿ, ಹುಡುಗೀದು ತೆಗೀರಿ," ಎಂದು ರುಮಾಲಿನ ಚುಂಗು ಸರಿ ಮಾಡಿಕೊಂಡಿತ್ತು. ಬಿಸಿಲು ಹೆಲ್ಮೆಟ್ಟಿನೊಳಗೆ ಕಾಯುತ್ತಿತ್ತು. ಲಾರಿಯೊಂದು ಹಾರ್ನು ಬಾರಿಸಿ ದಾಟಿಹೋಯಿತು, ಅವನು ರಸ್ತೆಯ ನಡುವೆಯೇ ಇದ್ದ.

ಕಣ್ಣನ್ನು ಕ್ಯಾಮೆರಾ ಆರಿಸಿತು ಎಂದು ಈ ನಾಲ್ಕು ತಿಂಗಳಲ್ಲಿ ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ, ಬ್ರಹ್ಮಪುರದ ಮನೆಯಲ್ಲಿ ಹಲ್ಲುಜ್ಜುತ್ತ ನಿಂತಾಗಲೂ ಅದೇ ಮಾತು ಬಾಯಿಗೆ ಬರುತ್ತಿತ್ತು. ಆದರೆ ನಡೆದದ್ದು ಬೇರೆ. ಲಗ್ನದ ದಿನ ಮಧ್ಯಾಹ್ನ ಒಂದು ಗಂಟೆ, ಅಕ್ಕಿಕಾಳು ಸಂಜೆಗಿತ್ತು. ಊಟದ ಪಂಕ್ತಿ ಕೂತಿತ್ತು. ಸಾಮಾನು ಇಟ್ಟ ಹಿಂದಿನ ಖೋಲಿಯಲ್ಲಿ ದಿಲೀಪ ಬ್ಯಾಟರಿ ಬದಲಿಸುತ್ತಿದ್ದಾಗ ದೌಲಪ್ಪನವರು ಬಂದು, "ಉಣ್ಣಾಕ ಬರ್ರಿ," ಎಂದರು. ಅಮರನಾಥ ಎದ್ದ. ದಿಲೀಪ, "ಬ್ಯಾಗ್ ಬಿಟ್ಟು ಹ್ಯಾಂಗ ಬರ್ಲಿ ರೀ, ಆಮ್ಯಾಲ ಬರ್ತೀನಿ," ಎಂದ. ಹೌದು, ಹಾಗೆಂದವನು ಅವನೇ. ದೌಲಪ್ಪನವರು ಹೋಗಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಕೊಟ್ಟು ನಿಂತು, ಊರು ಯಾವುದು, ತಂದೆ ಏನು ಮಾಡುತ್ತಾರೆ ಎಂದೆಲ್ಲ ಕೇಳಿ, "ನಿಮ್ಮವರು ಯಾ ಪೈಕಿ ರೀ?" ಎಂದರು. "ಬೌದ್ಧರು ರೀ," ಎಂದ ದಿಲೀಪ. "ಹಾಂ. ಇರ್ಲಿ ಇರ್ಲಿ. ಅದರಾಗೇನದ," ಎಂದರು ದೌಲಪ್ಪನವರು. ಅಮರನಾಥನನ್ನು ಪಂಕ್ತಿಗೆ ಕರೆದುಕೊಂಡು ಹೋದರು. ಹತ್ತು ನಿಮಿಷ ಬಿಟ್ಟು ತಾವೇ ಒಂದು ತಾಟು ಹಿಡಿದುಕೊಂಡು ಬಂದರು: ಗೋಧಿ ಹುಗ್ಗಿ, ಮೇಲೆ ತುಪ್ಪ, ಬದನೇಕಾಯಿ ಪಲ್ಯ. "ನಿಮಗ ಇಲ್ಲೇ ತಂದೀನಿ," ಎಂದರು.

ಬ್ಯಾಗ್ ಬಿಟ್ಟು ಬರುವುದಿಲ್ಲ ಎಂದವನಿಗೆ ಮನೆಯ ಯಜಮಾನ ತಾನೇ ಊಟ ಹೊತ್ತು ತಂದದ್ದು ಮರ್ಯಾದೆಯಲ್ಲದೆ ಮತ್ತೇನು? ಬೌದ್ಧ ಎಂದ ಮೇಲೆ ಪಂಕ್ತಿಗೆ ಕರೆಯದೆ ಖೋಲಿಯಲ್ಲೇ ಕೊಟ್ಟದ್ದು ಮತ್ತೇನು? ಎರಡಕ್ಕೂ ತಾಟು ಒಂದೇ. ತಾಟು ಇಟ್ಟವರ ಮುಖ ನೋಡಿದ್ದರೆ ಗೊತ್ತಾಗುತ್ತಿತ್ತೇನೋ, ಅವನು ನೋಡಲಿಲ್ಲ. ಬೇಳೆ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ ಅವನ ಅಪ್ಪ ದತ್ತಪ್ಪನನ್ನು ಜನ್ಮವೆಲ್ಲ ಜನ ಹೀಗೇ 'ಯಾ ಪೈಕಿ' ಎಂದು ಕೇಳಿದ್ದರು. ಅಪ್ಪ ನಗುತ್ತಲೇ ಹೇಳುತ್ತಿದ್ದ. "ಕೇಳ್ಲಿ ಬಿಡು, ಹೇಳಿದ್ರ ಬಾಯಿ ಸವೀತದೇನು?" ಆ ನಗೆಯನ್ನು ಕಂಡರೆ ದಿಲೀಪನಿಗೆ ಆಗುತ್ತಿರಲಿಲ್ಲ. ಆ ದಿನ 'ಬೌದ್ಧರು ರೀ' ಎನ್ನುವಾಗ ತನ್ನ ತುಟಿಯ ಮೇಲೂ ಅದೇ ನಗೆ ಬಂದಿತ್ತೆಂದು ಹುಗ್ಗಿಯ ಎರಡನೇ ತುತ್ತಿಗೆ ಹೊಳೆಯಿತು. ಹುಗ್ಗಿ ಚೆನ್ನಾಗಿತ್ತು, ಪೂರ್ತಿ ಉಂಡ. ಕೈ ತೊಳೆದು, ಒರೆಸಿಕೊಂಡು, ಕ್ಯಾಮೆರಾ ಎತ್ತಿಕೊಂಡು ಗುರುತು ಮಾಡಿಸಿದ ಮುಖಗಳ ಪಟ್ಟಿ ತೆರೆದ. ಮೂರನೆಯದರ ಮೇಲೆ ನಿಂತ. ರುಮಾಲು, ನಾಚಿದ ಕಣ್ಣು. ಅಳಿಸಲೇ ಎಂದು ಕ್ಯಾಮೆರಾ ಕೇಳಿತು. ಹೌದು ಎಂದು ಒತ್ತಿದ. ಸಿಟ್ಟೂ ಇರಲಿಲ್ಲ, ಚೀಟಿ ಹರಿದು ಎಸೆದಂತೆ, ಅಷ್ಟು ಸಲೀಸು. ಸಂಜೆಯವರೆಗೂ ದೌಲಪ್ಪನವರು ಎಲ್ಲ ಚಿತ್ರಗಳಲ್ಲೂ ಇದ್ದರು, ಹಿಂದೆ, ಅಂಚಿಗೆ, ಮಗಳ ಹೆಗಲ ಮೇಲೆ. ಅವರೊಬ್ಬರನ್ನೇ ನಿಲ್ಲಿಸಿ ಒಂದೂ ತೆಗೆಯಲಿಲ್ಲ. ಹಿನ್ನೆಲೆ ಮಂಜಾಗಿ ಬರಲೆಂದು ಲೆನ್ಸನ್ನು ಪೂರ್ತಿ ತೆರೆದೇ ಇಟ್ಟಿದ್ದ, ಈಗಿನವರಿಗೆ ಅದೇ ಇಷ್ಟ. ಮುಂಜಾನೆಯೆಲ್ಲ ಅವರು ಬೀಗರ ಹಿಂದೆ, ಅಡುಗೆಯವರ ಹಿಂದೆ ಓಡಾಡುತ್ತ ಕ್ಯಾಮೆರಾಕ್ಕೆ ಸಿಕ್ಕೇ ಇರಲಿಲ್ಲ. ಗುರುತಿಗೆ ತೆಗೆದದ್ದು ಕ್ಯಾಮೆರಾದೊಳಗೆ ಇದ್ದದ್ದು ಅಷ್ಟೆ, ಅದೂ ಹೋಯಿತು. ಆಲ್ಬಮ್ಮನ್ನು ತಾನೇ ಒಯ್ದು ಕೊಡುವುದು ಅವನ ಪದ್ಧತಿ. ಈ ಆಲ್ಬಮ್ಮನ್ನು ಮಾತ್ರ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದ.

ಕಮಲಾಪುರದಲ್ಲಿ ರಸ್ತೆಯ ಬದಿಗೆ ಕೆಂಪು ಬಾಳೆಹಣ್ಣಿನ ಗಾಡಿಗಳು ನಿಂತಿದ್ದವು. ಮನೆ ಕೇಳುವುದು ಬೇಕಾಗಲಿಲ್ಲ, ಭಜನೆಯ ತಾಳ ದೂರದಿಂದಲೇ ಕೇಳುತ್ತಿತ್ತು. ಅಂಗಳದಲ್ಲಿ ನಾಲ್ಕು ಮಂದಿ ಬಿದಿರು ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂ ಸುತ್ತಿ ವಿಮಾನ ಮಾಡುತ್ತಿದ್ದರು. ದೌಲಪ್ಪನವರನ್ನು ಕೂಡಿಸಿ ಹೊಲಕ್ಕೆ ಒಯ್ಯುವುದು ಅದರಲ್ಲೇ. ಒಳಗೆ ಪಡಸಾಲೆಯ ಗೋಡೆಗೆ ಒರಗಿ ಅವರು ಕೂತಿದ್ದರು. ತಲೆ ವಾಲದಂತೆ ಹಣೆಗೆ ಒಂದು ಬಿಳಿ ಪಟ್ಟಿ ಕಟ್ಟಿ ಗೋಡೆಯ ಮೊಳೆಗೆ ಬಿಗಿದಿದ್ದರು, ಗದ್ದಕ್ಕೊಂದು ಪಟ್ಟಿ, ಹಣೆಯ ತುಂಬ ವಿಭೂತಿ, ಕೊರಳ ತುಂಬ ಹಾರ. ಎಡ ಅಂಗೈಯಲ್ಲಿ ಲಿಂಗ. ಹೆಂಡತಿ ಜಯದೇವಿ ಅವರ ಮೊಣಕಾಲಿಗೆ ತಾಗಿ ಕೂತಿದ್ದರು, ಅತ್ತು ಅತ್ತು ನಿಲ್ಲಿಸಿದ ಮುಖ. ವಿವೇಕಾನಂದ ಕವರು ಇಸಿದುಕೊಂಡು ಪ್ರಿಂಟನ್ನು ಹೊರಗೆಳೆದು, "ಭಾರಿ ಬಂದದಲ್ರಿ," ಎಂದ. ಸುತ್ತ ನಿಂತ ನಾಲ್ಕು ಮಂದಿಯೂ ಹೌದೆಂದರು. ರುಮಾಲು ಅವರದೇ ಇತ್ತಲ್ಲ. ವಿವೇಕಾನಂದ ಅದನ್ನು ತಾಯಿಯ ಮುಂದೆ ಹಿಡಿದ. ಜಯದೇವಿ ನೋಡಿದರು, ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಇವರ್ಯಾರು?" ಎಂದರು.

"ಅಪ್ಪ ಅಲ್ಲೇನವ್ವ."

"ನಿಮ್ಮಪ್ಪಗ ಮುಂದಿನ ಹಲ್ಲು ಒಂದು ಮುಕ್ಕಾಗಿತ್ತು. ಈ ಕಣ್ಣ ಅಲ್ಲ ಅವರವು. ಯಾರದ್ದೋ ಹಚ್ಯಾರ."

ವಿವೇಕಾನಂದ ದಿಲೀಪನ ಕಡೆ ತಿರುಗಿದ. ದಿಲೀಪನ ಬಾಯಿಯಿಂದ ಮಾತು ತಾನಾಗಿ ಹೊರಟಿತು. "ಕ್ಯಾಮೆರಾ ಹಂಗ ಮಾಡ್ತು ರೀ. ಹೊಸದು, ತಾನೇ ಮುಖ ಹಿಡೀತದ. ಹುಡುಗೀದೇ ಹಿಡೀತು. ಯಜಮಾನ್ರದು ಒಂದೂ ಸರಿ ಬಂದಿಲ್ಲ. ಅದಕ್ಕ ಕಂಪ್ಯೂಟರಿನ್ಯಾಗ ಹಾಕಿ..." "ಒಂದೂ ಇಲ್ಲ?" ಎಂದ ವಿವೇಕಾನಂದ. "ಲಗ್ನದ ಮನ್ಯಾಗ ಅಪ್ಪಂದು ಒಂದೂ ಇಲ್ಲ ಅಂತೀರಲ್ರಿ? ನಾಚಿಕಿ ಬರಂಗಿಲ್ಲೇನು ನಿಮಗ?" ಎಂದು ದನಿ ಎತ್ತಿದ. ದಿಲೀಪ ಬೈಸಿಕೊಂಡ. ಇನ್ನೂ ಬೈಯಲಿ ಎನಿಸಿತು. ಬೈಗುಳವಾದರೂ ಒಳಗೆ ಹೋಗಿ ಎಲ್ಲಾದರೂ ನಾಟಲಿ ಎಂದು ಕಾದ. ಆದರೆ ಜಯದೇವಿ ಮಗನ ಕೈ ಜಗ್ಗಿದರು. "ಬಿಡೋ. ಯಂತ್ರ ಅದು, ಅದಕ್ಕ ನಿಮ್ಮಪ್ಪ ಯಾರಂತ ಏನ್ ಗೊತ್ತು? ಅವರಾದ್ರೂ ಏನ್ ಮಾಡ್ತಾರ? ಬಿಸಿಲಾಗ ಬಂದಾರ, ನೀರು ಕೊಡು ಮೊದಲ." ನೀರು ಬಂತು. ಕುಡಿದ. ತನ್ನ ತಪ್ಪಿಗೆ ಸಿಗದ ಕ್ಷಮೆ ಯಂತ್ರದ ತಪ್ಪಿಗೆ ಇಷ್ಟು ಸುಲಭಕ್ಕೆ ಸಿಕ್ಕಿತ್ತು, ಅದನ್ನು ನೀರಿನ ಜೊತೆಗೇ ನುಂಗಿದ.

ಮನೆಯವರು ಎರಡು ಕಡೆ ಕೂತರು. ಗಂಡನ ಊರಿಂದ ಬಂದಿದ್ದ ಅಂಜನಾ ಅಪ್ಪನ ಎಡಕ್ಕೆ, ತಾಯಿ ಬಲಕ್ಕೆ, ವಿವೇಕಾನಂದ ಹಿಂದೆ ಮೊಣಕಾಲೂರಿ. ದಿಲೀಪ ಕ್ಯಾಮೆರಾ ಎತ್ತಿದ. ಕಣ್ಣಿನ ಮೋಡ್ ಹಾಗೇ ಇತ್ತು. ಹಸಿರು ಚೌಕ ಮೊದಲು ಅಂಜನಾಳ ಕಣ್ಣಿಗೆ ಹಾರಿತು, ಅವಳು ತಲೆ ತಗ್ಗಿಸಿದಾಗ ಜಯದೇವಿಗೆ, ಅಲ್ಲಿಂದ ವಿವೇಕಾನಂದನಿಗೆ. ಅವರೆಲ್ಲ ಒಮ್ಮೆಗೇ ಕಣ್ಣೊರೆಸಿಕೊಂಡಾಗ ಗೋಡೆಯ ಕ್ಯಾಲೆಂಡರಿನ ಸ್ವಾಮಿಗಳ ಮುಖಕ್ಕೂ ಹೋಗಿ ಕೂತಿತು. ನಡುವೆ ಇದ್ದವರಿಗೆ ಮಾತ್ರ ಅದು ಬರಲಿಲ್ಲ. ಕಣ್ಣು ಮುಚ್ಚಿದೆ, ಹಣೆಗೂ ಗದ್ದಕ್ಕೂ ಪಟ್ಟಿ, ವಿಭೂತಿ. ಅಲ್ಲೊಂದು ಮುಖವಿದೆ ಎಂದೇ ಅದಕ್ಕೆ ತಿಳಿಯುತ್ತಿರಲಿಲ್ಲ. ಹೀಗೇ ಒತ್ತಿದರೂ ನಡೆಯುತ್ತದೆ, ಎಲ್ಲರೂ ಒಂದೇ ಸಾಲಿನಲ್ಲಿದ್ದಾರೆ, ಬಂದೇ ಬರುತ್ತದೆ. ಬೆರಳು ಗುಂಡಿಯ ಮೇಲಿತ್ತು. ಅವನು ಕ್ಯಾಮೆರಾ ಇಳಿಸಿ ಒಂಟಿ ಚುಕ್ಕೆಯ ಮೋಡಿಗೆ ಹಾಕಿದ. ಕೆಂಪು ಚುಕ್ಕೆಯನ್ನು ಹೆಬ್ಬೆರಳಿನಿಂದ ದೂಡಿದ. ಅಂಜನಾಳ ಕೆನ್ನೆ ದಾಟಿ, ಹಾರದ ಚೆಂಡುಹೂ ದಾಟಿ, ಮುಚ್ಚಿದ ಎಡಗಣ್ಣಿನ ರೆಪ್ಪೆಯ ಮೇಲೆ ತಂದು ನಿಲ್ಲಿಸಿದ. ನಿಲ್ಲಿಸಬೇಕಾದರೆ ನೋಡಬೇಕಾಯಿತು. ಯಾರೋ ಇವತ್ತೇ ಗಡ್ಡ ಮಾಡಿದ್ದರು, ಕಿವಿಯ ಕೆಳಗೆ ಬ್ಲೇಡು ಸಣ್ಣಗೆ ತಾಗಿತ್ತು, ರಕ್ತ ಬಂದಿರಲಿಲ್ಲ. ಹುಬ್ಬಿನಲ್ಲಿ ಒಂದೇ ಒಂದು ಉದ್ದನೆಯ ಬಿಳಿ ಕೂದಲು. ನಾಲ್ಕು ಸಾವಿರ ಚಿತ್ರಗಳಲ್ಲಿ ಇಲ್ಲದ ಕೂದಲು. ಒತ್ತಿದ. ಮತ್ತೆ ಒತ್ತಿದ.

ಫೋಟೋ ಮುಗಿದು ಜನ ಎದ್ದರು, ವಿಮಾನ ನೋಡಲು ಹೊರಗೆ ಹೋದರು. ಅಂಜನಾಳನ್ನು ಹೆಂಗಸರು ಒಳಗೆ ಕರೆದೊಯ್ದರು. ದಿಲೀಪ ಮುಖವೊಂದನ್ನೇ ಹತ್ತಿರದಿಂದ ತೆಗೆಯಲು ಮೊಣಕಾಲೂರಿದ. ಜಯದೇವಿ ಕೂತಲ್ಲೇ ಇದ್ದರು. "ನೀ ಆ ಲಗ್ನದ ಹುಡುಗನೇ ಹೌದಲ್ಲೋ ತಮ್ಮಾ?" ಎಂದರು, ಬರೀ ಮಾತಿಗೆಂಬಂತೆ. "ನಿಂದು ಭಾಳ ನೆನಸ್ತಿದ್ರು. ಲಗ್ನದ ಮರುದಿನ ಅಂದ್ರು, 'ಆ ಫೋಟೋದ ಹುಡುಗಗ ನಾ ಕೇಳಬಾರದ್ದು ಕೇಳ್ದೆ ಕಾಣ್ತದ, ಆಮ್ಯಾಲ ನನ್ನ ಮಾರೀನೇ ನೋಡ್ಲಿಲ್ಲ' ಅಂತ. 'ತಾಟು ಖೋಲಿಗಿ ಒಯ್ದದ್ದು ಬ್ಯಾರೆ ತಿಳ್ಕೊಂಡನೇನೋ, ನಂದೂ ತಪ್ಪದ, ಕರೀಬೇಕಿತ್ತು' ಅಂದ್ರು. ಆಲ್ಬಮ್ ಕೊಡ್ಲಿಕ್ಕ ಬರ್ತಾನಲ್ಲ, ಆವಾಗ ಜೋಡಿ ಕೂತು ಉಣ್ಣೂಣು ಅಂತಿದ್ರು. ಒಂದು ಐತವಾರ ಹೋಳಿಗೀನೂ ಮಾಡ್ಸಿದ್ರು. ನೀ ಬಸ್ಸಿಗಿ ಕಳಿಸ್ದಿ."

ದಿಲೀಪನಿಗೆ ಏನೂ ಅನಿಸಲಿಲ್ಲ. ಹೋಳಿಗೆ ಎಂಬ ಮಾತು ಕಿವಿಯಲ್ಲಿ ಹಾಗೇ ಉಳಿಯಿತು. ಯಾವ ಐತವಾರ ಎಂದು ಕೇಳಬೇಕೆನಿಸಿತು, ಅಂದು ತಾನು ಎಲ್ಲಿದ್ದೆ, ಅಂಗಡಿಯಲ್ಲೋ ಮನೆಯಲ್ಲೋ. ಕ್ಯಾಮೆರಾ ಮತ್ತೆ ಕಣ್ಣಿಗೆ ಹಿಡಿದ. ವ್ಯೂಫೈಂಡರಿನಲ್ಲಿ ಕೆಂಪು ಚುಕ್ಕೆ ರೆಪ್ಪೆಯಿಂದ ಜಾರಿ ವಿಭೂತಿಗೆ, ವಿಭೂತಿಯಿಂದ ಗೋಡೆಗೆ ಹೋಗುತ್ತಿತ್ತು. ಸುಮ್ಮನಿದ್ದು ಬಿಡಬಹುದಿತ್ತು. ಯಂತ್ರವನ್ನು ಎಲ್ಲರೂ ಆಗಲೇ ಕ್ಷಮಿಸಿದ್ದರು.

"ಕ್ಯಾಮೆರಾ ಅಲ್ಲ ರೀ ಅವ್ವಾ," ಎಂದ. ದನಿ ಪಕ್ಕದವರದೆಂಬಂತೆ ಕೇಳಿತು. "ಅದು ಅವರನ್ನ ಗುರುತು ಹಿಡೀತಿತ್ತು. ಮುಂಜಾನಿ ನಾನೇ ತೋರಿಸಿದ್ದೆ. ಉಂಡ ಮ್ಯಾಲ ನಾನೇ ಅಳಿಸಿದೆ. ಬೇಕಂತನೇ."

ಜಯದೇವಿ ಅವನನ್ನು ನೋಡಿದರು. ಬೈಯುತ್ತಾರೆ ಎಂದುಕೊಂಡ, ಅಳುತ್ತಾರೆ ಎಂದುಕೊಂಡ. ಅವರು ಗಂಡನ ಮೊಣಕಾಲಿನ ಮೇಲೆ ಉದುರಿದ್ದ ಹೂವಿನ ಎಸಳನ್ನು ತೆಗೆದು ಪಕ್ಕಕ್ಕಿಟ್ಟರು. ಸ್ವಲ್ಪ ಸರಿದು ಅವನಿಗೆ ಜಾಗ ಮಾಡಿದರು.

"ನನಗ್ಯಾಕ ಹೇಳ್ತಿ ತಮ್ಮಾ," ಎಂದರು. "ಅವರಿಗೇ ಹೇಳು. ಇನ್ನೂ ಕೂತಾರ."

ಅಂಗಳದಲ್ಲಿ ತಾಳ ಜೋರಾಯಿತು. ವಿಮಾನವನ್ನು ಬಾಗಿಲ ಹತ್ತಿರ ತಂದು ಇಳಿಸಿದ ಸದ್ದು. ದಿಲೀಪ ಕ್ಯಾಮೆರಾವನ್ನು ಕೊರಳಿಂದ ತೆಗೆದು ನೆಲದ ಮೇಲಿಟ್ಟ. ಮೊಣಕಾಲ ಮೇಲೇ ಮುಂದೆ ಸರಿದ. ಹೊಸಿಲಲ್ಲಿ ನಿಂತವರು ಫೋಟೋದವನು ಹಾರ ಸರಿ ಮಾಡುತ್ತಿದ್ದಾನೆಂದುಕೊಂಡರು. ವಿಭೂತಿಯ ವಾಸನೆ, ಚೆಂಡುಹೂವಿನ ವಾಸನೆ. ಜೋಮು ಬಿಟ್ಟ ದವಡೆಯ ಹಾಗೆ ಎದೆ ನೋಯತೊಡಗಿತು, ಬೆಳಗಿನಿಂದ ಮೊದಲ ಸಲ.

"ಮುಗೀತೇನ್ರಿ ನಿಮ್ದು?" ಎಂದು ಹೊರಗಿನಿಂದ ವಿವೇಕಾನಂದ ಕೂಗಿದ. "ಎತ್ತೂಣೇನು?"

"ಇಲ್ಲ ರೀ," ಎಂದ ದಿಲೀಪ, ತಿರುಗಿ ನೋಡದೆ. "ಒಂದು ನಿಮಿಷ ನಿಲ್ರಿ." ಮತ್ತು ದೌಲಪ್ಪನವರ ಕಿವಿಯ ಹತ್ತಿರ ಬಾಗಿದ.